ಮೂರು ವಾರ ಹುಡುಕಿದ ಪಿಸ್ತೂಲು

ಗಲ್ಫಿನ ಮಂಗಫ್‌ನ ನಮ್ಮ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ಮಂಚದ ಅಡಿಯೇ ಅಟ್ಟ. ಮೊನ್ನೆ ಶುಕ್ರವಾರ ಅಲ್ಲಿಂದ ಹಳೆಯ ಸೂಟ್‌ಕೇಸೊಂದನ್ನು ಎಳೆದು ಧೂಳು ಒರೆಸುತ್ತಿದ್ದೆ. ಒಳಗಿದ್ದ ಪ್ಯಾಂಟಿನ ಜೇಬಿನಿಂದ ರಟ್ಟಿನ ತುಂಡೊಂದು ಬಿತ್ತು. ಅಂಗೈಯಷ್ಟು ದೊಡ್ಡದು, ಪಿಸ್ತೂಲಿನ ಆಕಾರ, ಒಂದು ಬದಿಯಲ್ಲಿ ಖರ್ಜೂರದ ಚಿತ್ರ. ನಗಬೇಡಿ. ಅದನ್ನು ಕತ್ತರಿಸಿದ್ದು ನಾನೇ, ನಲವತ್ತು ದಾಟಿದ ಮೇಲೆ.

ಆಗ ನಾನು ಇದೇ ದೇಶದ ಅಬ್ಬಾಸಿಯಾದಲ್ಲಿ ಇನ್ನೂ ಮೂವರೊಂದಿಗೆ ಒಂದು ಕೋಣೆಯಲ್ಲಿದ್ದೆ. ಹೆಂಡತಿ ಸುಮತಿ ಉಡುಪಿಯ ಹತ್ತಿರ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಕಾರ್ಡು ಜೇಬಿನಲ್ಲಿದೆಯೇ ಎಂದು ದಿನಕ್ಕೆ ಇಪ್ಪತ್ತು ಸಲ ತಡವಿ ನೋಡುವ ಜಾತಿ ನಾನು. ಅಂಥವನಿಗೆ ಒಂದು ಸಂಜೆ ಅವಳು ಫೋನಿನಲ್ಲಿ ಹೇಳಿದಳು: "ಒಬ್ಬ ದಿನಾ ಬಸ್‌ಸ್ಟಾಪಿಂದ ಹಿಂದೆಯೇ ಬರ್ತಾನೆ ಮಾರಾಯ್ರೇ. ಮಾತಾಡುದಿಲ್ಲ. ನಂಗೆ ಹೆದರಿಕೆ ಆಗ್ತದೆ."

ಅವನು ಯಾರು, ಎಲ್ಲಿಯವರೆಗೆ ಬರುತ್ತಾನೆ ಎಂದು ನಾನು ಕೇಳಬೇಕಿತ್ತು. "ನೀನು ಹೆದರ್ಬೇಡ, ನಾನು ಎಂತಾದ್ರೂ ಮಾಡ್ತೇನೆ" ಎಂದೆ. ಮಾಡಿದ್ದೇನೆಂದರೆ, ಅವಳಿಗೆಂದು ಜೇಬಿನಲ್ಲಿ ಕಾಣದಂತೆ ಇಟ್ಟುಕೊಳ್ಳುವ ಸಣ್ಣ ಪಿಸ್ತೂಲುಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕತೊಡಗಿದ್ದು.

ಕೋಣೆಯಲ್ಲಿ ಕೊಡಗಿನ ಪೂವಯ್ಯ ಇದ್ದರು. ಮಿಲಿಟರಿಯಿಂದ ನಿವೃತ್ತರಾಗಿ ಇಲ್ಲೊಂದು ಮಾಲಿನಲ್ಲಿ ಸೆಕ್ಯುರಿಟಿ. "ರಿವಾಲ್ವರ್ ಆದರೆ ಹ್ಯಾಮರ್, ಅಂದ್ರೆ ಹಿಂದಿನ ಕೊಕ್ಕೆ, ಹೊರಗೆ ಚಾಚಿರೋದು ಬೇಡ, ಬಟ್ಟೆಗೆ ಸಿಕ್ಕಿ ಹಾಕ್ಕೊಳ್ಳುತ್ತೆ," ಎಂದರು. "ತೀರಾ ಹಗುರದ್ದೂ ಬೇಡ. ಹೊಡೆದಾಗ ಕೈಗೆ ಒದೆಯುತ್ತೆ."

ಭಾರವಾದರೆ ಜೇಬು ಜೋಲುತ್ತದೆ, ಹಗುರವಾದರೆ ಕೈಗೆ ಒದೆಯುತ್ತದೆ. ಚಿಂತೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಖರ್ಜೂರದ ಡಬ್ಬದ ರಟ್ಟನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ತೂಕಕ್ಕೆ ನಟ್ಟು ಬೋಲ್ಟು ಕಟ್ಟಿ, ದಿನಕ್ಕೊಂದು ಮಾದರಿಯನ್ನು ಜೇಬಿಗಿಳಿಸಿಕೊಂಡು ಕೆಲಸಕ್ಕೆ ಹೋದೆ. ಪೊಲೀಸ್ ಕಾರು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ. ಈ ದೇಶದಲ್ಲಿ ಪರದೇಶಿಯ ಜೇಬಿನಲ್ಲಿ ನಿಜವಾದದ್ದು ಸಿಕ್ಕರೆ ಖಲಾಸ್. ರಟ್ಟಿನದಕ್ಕೆ ಏನು ಶಿಕ್ಷೆಯೋ, ಯಾರನ್ನು ಕೇಳುವುದು?

ಎರಡನೆಯ ವಾರ ಪೂವಯ್ಯ ಈರುಳ್ಳಿ ಹೆಚ್ಚುತ್ತ ಕೇಳಿದರು: "ಅಲ್ಲ, ಜೇಬು ಜೇಬು ಅಂತೀರಲ್ಲ, ನಿಮ್ಮ ಮಿಸೆಸ್ ಶಾಲೆಗೆ ಪ್ಯಾಂಟ್ ಹಾಕ್ಕೊಂಡು ಹೋಗ್ತಾರಾ?"

ಸುಮತಿ ಉಡುವುದು ಕಾಟನ್ ಸೀರೆ. "ಒಳಲಂಗಕ್ಕೆ ಜೇಬು ಹೊಲಿಸ್ಬಹುದು," ಎಂದೆ.

"ಅದನ್ನು ತೆಗೆಯೋದರೊಳಗೆ ಅವನಿಗೆ ವಯಸ್ಸಾಗಿರುತ್ತೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪೂವಯ್ಯ ಮಾತ್ರ ನಗಲಿಲ್ಲ. "ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿ. ಬಸ್‌ಸ್ಟಾಪಿಂದ ಅವರ ಜೊತೆ ನಡೀರಿ. ಆ ಮನುಷ್ಯ ನಿಮ್ಮನ್ನು ನೋಡ್ಲಿ."

ರಜೆ ಕೇಳಬೇಕಾದರೆ ಮ್ಯಾನೇಜರನ ಮುಂದೆ ನಿಲ್ಲಬೇಕು. ಅದಕ್ಕಿಂತ ಪಿಸ್ತೂಲು ಹುಡುಕುವುದು ಸುಲಭವಾಗಿತ್ತು. ಸುಮತಿ ಫೋನಿನಲ್ಲಿ ಆ ಮಾತು ತೆಗೆದಾಗಲೆಲ್ಲ "ಸ್ವಲ್ಪ ತಡಿ, ವ್ಯವಸ್ಥೆ ಆಗ್ತಾ ಉಂಟು" ಎನ್ನುತ್ತಿದ್ದೆ. ಆಮೇಲಾಮೇಲೆ ಅವಳು ತೆಗೆಯುವುದನ್ನೇ ಬಿಟ್ಟಳು.

ಮೂರು ವಾರದ ಮೇಲೆ ಹುರುಪಿನಿಂದ ಫೋನ್ ಮಾಡಿದೆ. "ಒಂದು ಸಿಕ್ಕಿತು ನೋಡು. ಐದು ಗುಂಡು, ಹ್ಯಾಮರ್ ಒಳಗೇ ಉಂಟು. ಲೈಸೆನ್ಸಿಗೆ ಅರ್ಜಿ ಹಾಕುವ."

"ನಾನು ಶನಿವಾರ ಕೆಲಸ ಬಿಟ್ಟೆ," ಎಂದಳು ಸುಮತಿ. "ಇನ್ನು ಆ ದಾರಿಯಲ್ಲಿ ಹೋಗ್ಲಿಕ್ಕಿಲ್ಲ."

ಹದಿನಾಲ್ಕು ವರ್ಷ ಪಾಠ ಹೇಳಿದ ಶಾಲೆ. ಆ ಕ್ಷಣ ನನಗೆ ಮೊದಲು ಆದದ್ದು ನಿರಾಳ. ಅದನ್ನು ಬರೆಯಲು ಈಗಲೂ ನಾಚಿಕೆ. ಎರಡು ವರ್ಷದ ನಂತರ ಅವಳು ಇಲ್ಲಿಗೆ ಬಂದಳು. ಮತ್ತೆ ಯಾವ ತರಗತಿಯ ಮುಂದೆಯೂ ನಿಲ್ಲಲಿಲ್ಲ. ಮೇಲಿನ ಮನೆಯ ಹುಡುಗಿ ಲೆಕ್ಕ ಕೇಳಲು ಬಂದರೆ ಸಾಕು, ಒಂದು ಪ್ರಶ್ನೆಗೆ ಬಂದವಳನ್ನು ಹತ್ತು ಪ್ರಶ್ನೆ ಬಿಡಿಸದೆ ಕಳಿಸುವುದಿಲ್ಲ.

ಸೂಟ್‌ಕೇಸನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋದೆ. ಅವಳು ಚಪಾತಿ ಹಿಟ್ಟು ಕಲಸುತ್ತಿದ್ದಳು.

"ಆಗ ನಿನ್ನ ಹಿಂದೆ ಬರ್ತಿದ್ದನಲ್ಲ, ಅವನು ಯಾರು?"

"ಈಗ ಎಂತಕ್ಕೆ ಅದು?"

"ಆಗ ಕೇಳ್ಲಿಲ್ಲ."

 ಅವಳು ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದು ಕುಳಿತಳು. "ಹೇಳ್ತೇನೆ. ಪೂರ್ತಿ ಕೇಳ್ಬೇಕು. ನಡುವೆ ಉಪಾಯ ಹೇಳ್ಲಿಕ್ಕಿಲ್ಲ."

ಒಂದು ಗಂಟೆ ಹೇಳಿದಳು. ಎರಡು ಸಲ ಉಪಾಯ ನನ್ನ ನಾಲಿಗೆಯವರೆಗೆ ಬಂತು. ನುಂಗಿಕೊಂಡೆ.