ಮಂಚದ ಕಟ್ಟಿಗೆಯ ಹಲ್ಲಿಮನೆ

ಹಲ್ಲಿಗೆ ಮನೆ ಕಟ್ಟುವವರು ಮೊದಲು ಒಂದು ಮಾತು ತಿಳಿದುಕೊಳ್ಳಬೇಕು. ಬಾಗಿಲನ್ನು ಮೇಲುಗಡೆ ಇಡಬಾರದು. ಹೆದರಿದ ಹಲ್ಲಿ ಮೇಲಕ್ಕೇ ಓಡುತ್ತದೆ. ಮುಚ್ಚಳ ಎತ್ತಿದಿರೋ, ನಿಮ್ಮ ಮುಂಗೈ ಹತ್ತಿ ಹೊರಗೆ ಹೋಯಿತು. ಬಾಗಿಲು ಎದುರಿಗಿರಲಿ. ಪೆಟ್ಟಿಗೆ ಅಗಲಕ್ಕಿಂತ ಎತ್ತರ ಹೆಚ್ಚಿರಲಿ, ಯಾಕೆಂದರೆ ಅದು ನೆಲದ ಪ್ರಾಣಿಯಲ್ಲ, ಗೋಡೆಯದು. ನೀರನ್ನು ಬಟ್ಟಲಲ್ಲಿ ಇಟ್ಟರೆ ಅದು ತಿರುಗಿ ನೋಡುವುದಿಲ್ಲ. ಗಾಜಿಗೆ ಚಿಮುಕಿಸಿ, ಹನಿ ನೆಕ್ಕುತ್ತದೆ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಮೊದಲನೆಯ ಪೆಟ್ಟಿಗೆ ಕೆಡಿಸಿಕೊಂಡು, ಎರಡನೆಯದು ಕಟ್ಟಿ ಕಲಿತೆ.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ನನ್ನದು ಹಳೆಯ ಬಾಗಿಲು, ಕಿಟಕಿ, ತೊಲೆಗಳ ಅಂಗಡಿ. ಎಲ್ಲಾದರೂ ಹಳೆಯ ಮನೆ ಕೆಡವುತ್ತಾರೆಂದು ಸುದ್ದಿ ಬಂದರೆ, ಹಾನಗಲ್ಲಾಗಲಿ ಸವಣೂರಾಗಲಿ, ಟೆಂಪೋ ಮಾಡಿಕೊಂಡು ಹೊರಟುಬಿಡುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಸೀರೆಗೆ ಸ್ಟೀಲಿನ ಪಾತ್ರೆ ಕೊಡುತ್ತ ದುಂಡಸಿಯ ಓಣಿ ಓಣಿ ತಿರುಗಿದವಳು ನಾನು. ಆಗ ಕಲಿತದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಕೊಳ್ಳುವಾಗ ವಸ್ತುವನ್ನಷ್ಟೇ ನೋಡಬೇಡಿ, ಮಾರುವವರ ಕಾಲನ್ನೂ ನೋಡಿ. ಅವಸರವಿದ್ದವರ ಪಾದ ಹೊಸ್ತಿಲ ಕಡೆ ತಿರುಗಿರುತ್ತದೆ.

ಯಜಮಾನರಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ, ಪಡಸಾಲೆಯ ಒಳಗೋಡೆಗೆ ಹತ್ತಿಸಿ ಅವರ ಮಂಚ ಹಾಕಿದೆ. ಆ ಗೋಡೆಯ ಮೇಲೆ, ಕ್ಯಾಲೆಂಡರಿನ ಹಿಂದೆ, ಒಂದು ಹಲ್ಲಿ ಇತ್ತು. ದೀಪ ಹಚ್ಚಿದ ಕೂಡಲೆ ಹೊರಗೆ ಬಂದು ಹುಳ ಹಿಡಿಯುತ್ತಿತ್ತು. ನಮ್ಮಲ್ಲಿ ಒಬ್ಬರು ಮಾತಾಡುತ್ತಿರುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ಲೆಕ್ಕ. 'ಖರೆ, ಖರೆ' ಎಂದು ಬೆರಳಿನಿಂದ ನೆಲ ತಟ್ಟುವುದು ರೂಢಿ. ಅತ್ತೆಗೆ ಕಣ್ಣು ಬಹಳ ಮಂದ. ಅವರು ಮಂಚದ ಪಕ್ಕ ನೆಲದ ಮೇಲೆ ಕುಳಿತು, ಸವಣೂರ ಎಲೆಗೆ ಸುಣ್ಣ ಹಚ್ಚುತ್ತ ಮಗನನ್ನು ಕೇಳುತ್ತಿದ್ದರು: "ಹೊಟ್ಟಿ ತುಂಬ ಉಂಡೀಯೇನಪಾ?" ಹಲ್ಲಿ ಲೊಚಗುಟ್ಟಿದರೆ ಯಜಮಾನರು ಎಡಗೈ ಬೆರಳಿನಿಂದ ಮಂಚದ ಪಟ್ಟಿ ತಟ್ಟುತ್ತಿದ್ದರು. ಹಲ್ಲಿ ಸುಮ್ಮನಿದ್ದರೆ ಅವರೂ ಸುಮ್ಮನೆ. ಹೀಗೆ ತಾಯಿ, ಮಗ, ಹಲ್ಲಿ ಮೂವರೂ ಕೂಡಿ ಒಂದು ಮಾತುಕತೆ ನಡೆಸಿದ್ದರು. ನಾನು ಅಡುಗೆ ಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ಯಜಮಾನರು ತೀರಿಹೋದ ದಿನ ಮನೆಯ ತುಂಬ ಜನ ಅಳುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಪೆಂಡಾಲಿನವನ ಜೊತೆ ಚೌಕಾಸಿ ಮಾಡುತ್ತಿದ್ದೆ. ಗಳಗಳು ಸೊಟ್ಟಗಿವೆ, ಬೇರೆ ತಾ ಎಂದೆ. ಅಳು ಆಮೇಲೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ವಸಡಿಗೆ ಸೂಜಿಮದ್ದು ಕೊಟ್ಟು ಹಲ್ಲು ಕೀಳುತ್ತಾರಲ್ಲ, ಹಾಗೆ. ಏನೋ ಎಳೆಯುತ್ತಿದ್ದಾರೆ ಎಂದು ಗೊತ್ತು, ನೋವು ಮಾತ್ರ ಇಲ್ಲ. ಮಂಚ ಖಾಲಿಯಾದರೂ ಅತ್ತೆ ಅದರ ಪಕ್ಕವೇ ಕುಳಿತು ಕೇಳುವುದನ್ನು ಬಿಡಲಿಲ್ಲ. ಹಲ್ಲಿ ಉತ್ತರ ಕೊಡುತ್ತಿತ್ತು, ಬೆರಳು ತಟ್ಟುವ ಕೆಲಸವನ್ನು ಅವರೇ ಮಾಡಿಕೊಂಡರು.

ಬೇಸಿಗೆಯಲ್ಲಿ ಆ ಗೋಡೆ ಉಬ್ಬಿತು. ಗಾರೆ ಕೆಲಸದ ಗೌಂಡಿ ಬಂದು ಕರಣಿಯ ಹಿಡಿಕೆಯಿಂದ ಕುಟ್ಟಿ ನೋಡಿದ.

"ಅಕ್ಕಾರ, ಗ್ವಾಡಿ ನೀರ ಕುಡದೈತ್ರಿ. ಗಿಲಾವ್ ಪೂರಾ ಕಿತ್ತು ಹೊಸದ ಬಡೀಬೇಕು. ಇಲ್ಲಾಂದ್ರ ಮಳಿಗಾಲದಾಗ ಅಜ್ಜಿ ಮ್ಯಾಗನ ಬೀಳತೈತಿ."

"ಬಿದ್ದರ ಬೀಳಲಿ," ಎಂದರು ಅತ್ತೆ. ಗೋಡೆಗೆ ಬೆನ್ನು ಹಚ್ಚಿ ಕುಳಿತರು. "ಅದನ್ನ ಎಬ್ಬಸಬ್ಯಾಡ."

"ಯಾವದನ್ನರಿ?"

"ಹಲ್ಲೀನ."

"ಅಯ್ ಅಜ್ಜೀ, ಹಲ್ಲಿಗೂ ಬಾಡಗಿ ಕರಾರ ಮಾಡಿ ಕೊಟ್ಟೀರೇನ?"

ಅತ್ತೆ ನಗಲಿಲ್ಲ. ಹಟ ಹಿಡಿದವರ ಜೊತೆ ಎಂದೂ ವಾದ ಮಾಡಬಾರದು, ಬದಲಿಗೆ ಏನನ್ನಾದರೂ ಕೈಗೆ ಕೊಡಬೇಕು. ವ್ಯಾಪಾರದ ಮೊದಲ ಪಾಠವೇ ಅದು.

"ಅತ್ತಿ, ಗ್ವಾಡಿ ಒಣಗೂತನಾ ಅದಕ್ಕೊಂದು ಗಾಜಿನ ಮನಿ ಮಾಡಿ ಕೊಡತೇನಿ. ನಿಮ್ಮ ಮಗ್ಗಲಾಗ ಇಡತೇನಿ."

"ಅದರಾಗ ಒದರತೈತೇನ?"

"ಯಾಕ ಒದರೂದಿಲ್ರಿ?"

"ಸತ್ತರ?"

"ಸಾಯೂದಿಲ್ರಿ."

"ನನ್ನ ಮಗನ ಬಗ್ಗೆನೂ ಹಿಂಗ ಅಂದಿದ್ದಿ ನೀ."

ಅಂದಿದ್ದೆ, ನಿಜ. ಆ ಮಾತು ನನಗೆ ಚುಚ್ಚಬೇಕಿತ್ತು. ಚುಚ್ಚಬೇಕಿತ್ತು ಎಂಬುದಷ್ಟೇ ತಿಳಿಯಿತು. ಗೌಂಡಿಗೆ ಬರುವ ವಾರ ಬಾ ಎಂದು ಹೇಳಿ ಕಳಿಸಿದೆ.

ಹಾನಗಲ್ಲಿನಲ್ಲಿ ಮುಚ್ಚಿದ ಒಂದು ಮಿಠಾಯಿ ಅಂಗಡಿಯಿಂದ ಗಾಜಿನ ಕಪಾಟು ತಂದಿಟ್ಟಿದ್ದೆ. ಅದರ ಗಾಜು ಬಿಡಿಸಿದೆ. ಸವಣೂರಿನ ಹಳೆಯ ಮನೆಯೊಂದರ ಬೆಳಕಿಂಡಿಯ ಚೌಕಟ್ಟು ಅಳತೆಗೆ ಸರಿಯಾಗಿ ಸಿಕ್ಕಿತು. ಸೊಳ್ಳೆ ಜಾಳಿಗೆಯ ತುಂಡು ಕೊಟ್ಟವನಿಗೆ ಒಂದು ಜೊತೆ ಬಿಜಾಗರಿ ಕೊಟ್ಟು ಸರಿಮಾಡಿದೆ. ಒಳಗೆ ಹತ್ತಲು ಒಂದು ಒರಟು ಹಂಚು, ಅಡಗಲು ಬೇವಿನ ತೊಗಟೆ, ಬೆನ್ನಿಗೆ ಅದೇ ಕ್ಯಾಲೆಂಡರ್. ನೋಡಿದವರು ದೇವರ ಮಂಟಪ ಎನ್ನಬೇಕು, ಅಷ್ಟು ಚೆಂದ ಬಂತು. ಹಲ್ಲಿಯನ್ನು ಹಿಡಿಯುವಾಗ ಬಾಲಕ್ಕೆ ಕೈ ಹಾಕಬೇಡಿ, ಬಾಲ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಹಲ್ಲಿ ಅಲ್ಲ. ಸ್ಟೀಲಿನ ಲೋಟ ಬೋರಲು ಹಾಕಿ, ಗೋಡೆಗುಂಟ ದಪ್ಪ ಕಾಗದ ತೂರಿಸಿ ತೆಗೆಯಬೇಕು. ಹಾಗೆ ತೆಗೆದು ಒಳಗೆ ಬಿಟ್ಟೆ. ಪೆಟ್ಟಿಗೆಯನ್ನು ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಗೌಂಡಿ ಗೋಡೆ ಕೀಳತೊಡಗಿದ.

ಅಂದು ಸಂಜೆ ಅತ್ತೆ ಕೇಳಿದರು: "ಉಂಡೀಯೇನಪಾ?" ಉತ್ತರವಿಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಎಂದೆ. ಮರುದಿನವೂ ಇಲ್ಲ. ಆಮೇಲೆ ಅತ್ತೆ ಕೇಳುವುದನ್ನೇ ಬಿಟ್ಟರು. ಎಲೆಯಡಿಕೆಯ ಚಂಚಿ ಬಿಚ್ಚಲಿಲ್ಲ. ತಾಟಿನಲ್ಲಿ ರೊಟ್ಟಿ ಅರ್ಧ ಉಳಿಯತೊಡಗಿತು, ಆಮೇಲೆ ಪೂರಾ ಉಳಿಯಿತು. ಗೋಡೆಯತ್ತ ಮುಖ ಮಾಡಿ ಮಲಗಿದವರು ಎಬ್ಬಿಸಿದರೂ ಏಳಲೊಲ್ಲರು. ಊಟ ಬಿಟ್ಟ ಮುದುಕರು ಹೇಗೆ ಹೋಗುತ್ತಾರೆ ಎಂಬುದನ್ನು ನಾನು ಕಂಡವಳು. ಈ ಮನೆಯಿಂದ ಇನ್ನೊಂದು ಹೆಣ ಹೊರಡುವುದಾದರೆ ಪೆಂಡಾಲಿನವನಿಗೆ ಏನು ಹೇಳಬೇಕು ಎಂದು ಯೋಚನೆ ಬಂತು. ಅಂಥವೇ ಬರುತ್ತಿದ್ದವು ಆಗ ನನಗೆ, ವ್ಯವಸ್ಥೆಯ ಯೋಚನೆಗಳು.

ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಲ್ಬಿನ ಕೆಳಗಿಂದ ಹಿಡಿದು ಬಿಟ್ಟಿದ್ದ ಹುಳಗಳು ಚೌಕಟ್ಟಿನ ಬುಡಕ್ಕೆ ಸಾಲಾಗಿ ಸತ್ತು ಬಿದ್ದಿದ್ದವು. ಒಂದನ್ನೂ ತಿಂದಿರಲಿಲ್ಲ. ಹಲ್ಲಿ ಜಾಳಿಗೆಗೆ ಮೂತಿ ಒತ್ತಿ ನಿಂತಿತ್ತು, ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚೌಕಟ್ಟಿಗೆ ಬೆರಳು ಒರೆಸಿ ಮೂಸಿದೆ.

ಗೆದ್ದಲಿನ ಎಣ್ಣೆ.

ನನ್ನ ಅಂಗಡಿಗೆ ಬಂದ ಕಟ್ಟಿಗೆ ಯಾವುದೇ ಇರಲಿ, ಟೆಂಪೋದಿಂದ ಇಳಿಸಿದ ಕೂಡಲೆ ಅದಕ್ಕೆ ಆ ಎಣ್ಣೆ ಕುಡಿಸುತ್ತೇವೆ. 'ನನ್ನ ಮಾಲಿನ ಹತ್ರ ಒಂದ ಹುಳ ಸುಳೀಲಿ, ಮಾಲ ವಾಪಸ್ ತಗೋತೇನಿ' ಎಂದು ಗಿರಾಕಿಗಳಿಗೆ ಹೇಳುವುದು ನನ್ನ ಖಾಯಂ ಮಾತು. ಆ ವಾಸನೆಯಲ್ಲೇ ಇದ್ದು ಇದ್ದು ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ. ಹುಳ ತಿಂದು ಬದುಕುವ ಪ್ರಾಣಿಯನ್ನು ಹುಳ ಸುಳಿಯದ ಕಟ್ಟಿಗೆಯಲ್ಲಿ ಇಟ್ಟು, ಚೆಂದ ಬಂದಿದೆ ಎಂದು ನೋಡುತ್ತ ಕುಳಿತಿದ್ದೆ.

ಹಲ್ಲಿಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಹಿಟ್ಟಿನ ಸಾಣಿಗೆ ಬೋರಲು ಹಾಕಿ ಅದರೊಳಗೆ ಬಿಟ್ಟೆ. ಗಾಜನ್ನು ಸೀಗೆಪುಡಿ ಹಚ್ಚಿ ತೊಳೆದೆ. ಈಗ ಎಣ್ಣೆ ಕುಡಿಯದ ಕಟ್ಟಿಗೆ ಬೇಕು. ಅಂಗಡಿಯ ತುಂಬ ಹುಡುಕಿದರೂ ಒಂದು ಪಟ್ಟಿ ಇಲ್ಲ. ಹೊಸದನ್ನು ಕೊಯ್ಯಿಸಿ ತರಬಹುದಿತ್ತು. ಆದರೆ ಕಟ್ಟಿಗೆ ಅಡ್ಡೆಯವರು ಏನು ಬಳಿದಿರುತ್ತಾರೋ ಯಾರಿಗೆ ಗೊತ್ತು? ನನ್ನ ಕಸುಬಿನವರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಮನೆಯಲ್ಲಿ ಎಣ್ಣೆ ಮುಟ್ಟದ ಸಾಮಾನು ಒಂದೇ ಇತ್ತು. ಯಜಮಾನರ ಮಂಚ. ಒಳ್ಳೆಯ ಸಾಗವಾನಿ. ಆ ಎಣ್ಣೆಯ ವಾಸನೆಗೆ ಅವರಿಗೆ ಕೆಮ್ಮು ಬರುತ್ತಿತ್ತು ಎಂದು ಅದಕ್ಕೆ ಬಳಿಯಲು ಬಿಟ್ಟಿರಲಿಲ್ಲ. ಕೈ ಗಟ್ಟಿಯಿದ್ದಾಗ ಅವರೇ ಪಾಲಿಶ್ ಕಾಗದ ಹಿಡಿದು ಉಜ್ಜಿ ನುಣುಪು ಮಾಡಿದ್ದರು. ಗೋಡೆ ಕೀಳುವಾಗ ಅದನ್ನು ಅಂಗಳಕ್ಕೆ ಸರಿಸಿದ್ದೆವು. ಮಾಸೂರಿನ ಒಬ್ಬರಿಗೆ ಮಾರುವ ಮಾತೂ ಆಗಿತ್ತು, ನಾನು ಹೇಳಿದ ಬೆಲೆಗೆ ಅವರು ಒಪ್ಪಿದ್ದರು. ಗರಗಸ ತಂದು ತಲೆಯ ಕಡೆಯ ಪಟ್ಟಿಯಿಂದ ಶುರುಮಾಡಿದೆ. ಎಡಗಡೆಯ ಪಟ್ಟಿಯಲ್ಲಿ ಒಂದು ಕಡೆ ಬೆರಳು ಬಿದ್ದು ಬಿದ್ದು ಹೊಳಪು ಬಂದಿತ್ತು. ಎಳೆ ನೆಟ್ಟಗಿದೆ, ಗಂಟಿಲ್ಲ, ಸೀಳುವುದಿಲ್ಲ ಎಂದು ನೋಡಿಕೊಂಡೆ. ಆ ತುಂಡನ್ನು ಬಾಗಿಲಿನ ಕೆಳಪಟ್ಟಿಗೆ ಹಾಕಿದೆ. ಬೇರೇನೂ ಅನ್ನಿಸಲಿಲ್ಲ. ಕೈ ಮಾತ್ರ ದಣಿಯಿತು.

ಕೊಯ್ಯುವುದು ಮುಗಿಯುವುದರೊಳಗೆ ಮಾಸೂರಿನವರ ಫೋನು ಬಂತು.

"ಅಕ್ಕಾರ, ನಾಳೆ ಗಾಡಿ ತರಲೇನ್ರಿ?"

"ಮಂಚ ಇಲ್ರಿ."

"ಮಾರಿಬಿಟ್ರೇನ್ರಿ? ನನಗ ಮಾತ ಕೊಟ್ಟಿದ್ರಲ್ಲ!"

"ಮಾರಿಲ್ರಿ. ಕೊಯ್ದೇನಿ."

"ಕೊಯ್ದ್ರಿ? ಅಂಥಾ ಸಾಗವಾನಿ? ಯಾಕ್ರಿ?"

"ಹಲ್ಲಿಗೆ."

"ಅಕ್ಕಾರ," ಎಂದರು ದನಿ ತಗ್ಗಿಸಿ, "ನೀವು ಆರಾಮ ಅದೀರಿ ಹೌದಿಲ್ರಿ?"

"ಅದೇನಿ," ಎಂದು ಫೋನು ಇಟ್ಟೆ.

ಎರಡನೆಯ ಪೆಟ್ಟಿಗೆ ಮೊದಲಿನಷ್ಟು ಚೆಂದ ಬರಲಿಲ್ಲ. ಒಂದು ಮೂಲೆ ಸೊಟ್ಟ. ಆದರೆ ಅದರೊಳಗೆ ಬಿಟ್ಟ ಹುಳ ಸಾಯಲಿಲ್ಲ, ಓಡಾಡಿತು. ಕೆಲವು ದಿನಗಳಲ್ಲಿ ಹಲ್ಲಿಯ ಹೊಟ್ಟೆ ತುಂಬಿಕೊಂಡಿತು, ಮೈ ತೆಳು ಹಳದಿಗೆ ಬಂತು. ಆದರೂ ಒಂದು ಸಲವೂ ಲೊಚಗುಟ್ಟಲಿಲ್ಲ. ಅತ್ತೆ ಮುಖ ಈ ಕಡೆ ತಿರುಗಿಸಲಿಲ್ಲ. ನಾನು ಗಂಜಿ ಕುಡಿಸುತ್ತಿದ್ದೆ, ಬಾಯಿ ತೆರೆದರೆ ತೆರೆದರು.

ಒಂದು ಸಂಜೆ, ದೀಪ ಹಚ್ಚಿದ್ದೆ, ಅತ್ತೆಯ ಪಕ್ಕ ಕುಳಿತು ಬಟ್ಟಲು ಹಿಡಿದಿದ್ದೆ. ಅವರು ಕೈ ಚಾಚಿದರು. ಬಟ್ಟಲು ಹುಡುಕುತ್ತಿದ್ದಾರೆ ಎಂದುಕೊಂಡೆ. ಕೈ ಅದನ್ನು ದಾಟಿ ಪೆಟ್ಟಿಗೆಗೆ ಹೋಯಿತು. ಬಾಗಿಲಿನ ಕೆಳಪಟ್ಟಿಯ ಮೇಲೆ ಬೆರಳು ಸರಿಯಿತು, ಹೊಳಪು ಬಂದ ಜಾಗಕ್ಕೆ ಬಂದು ನಿಂತಿತು.

"ಮಂಚ ಕೊಯ್ದೀಯೇನ?"

"ಹೂನ್ರಿ."

ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಬೈಯುತ್ತಾರೆ ಎಂದು ಕಾದೆ. ನನಗೂ ಅದು ಸರಿಯೆನಿಸಿತ್ತು.

"ನೀ ಉಂಡ್ಯಾ?" ಎಂದು ಕೇಳಿದರು.

"ಉಂಡೇನ್ರಿ."

ಅತ್ತೆ ಎದ್ದು ಕುಳಿತರು. ಪೆಟ್ಟಿಗೆಯ ಕಡೆ ತಿರುಗಿದರು. "ಏನಪಾ," ಎಂದರು, "ನಿನ್ನ ಹೇಣ್ತಿ ಉಂಡಾಳೇನ?"

ಇಬ್ಬರೂ ಕಾದೆವು. ಹಲ್ಲಿ ಹಂಚಿನ ಮೇಲೆ ಕುಳಿತಿತ್ತು, ಗಂಟಲು ಮಿಡಿಯುತ್ತಿತ್ತು, ದನಿಯಿಲ್ಲ.

"ನೋಡು. ಹೂಂ ಅನ್ನವಲ್ದು. ಸುಳ್ಳ ಹೇಳಾಕತ್ತಿ ನೀ."

"ಅದು ಒದರೂದ ಬಿಟ್ಟೈತ್ರಿ ಅತ್ತಿ. ಅದಕ್ಕೇನ ಗೊತ್ತಾಗತೈತಿ?"

"ಸುಮ್ಮನಿದ್ದರ ಇಲ್ಲ ಅಂತ ಅರ್ಥ. ಅಂವಾ ಇದ್ದಾಗನೂ ಹಂಗ ಇತ್ತು. ಹೋಗು, ತಾಟ ತಗೊಂಬಾ."

ನಾನು ಉಂಡಿರಲಿಲ್ಲ. ಅಂದಷ್ಟೇ ಅಲ್ಲ. ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆಯುವ ನಡುವೆ ನನ್ನ ಊಟ ಬಿಟ್ಟುಹೋಗುತ್ತಿತ್ತು. ಹಸಿವೂ ನೆನಪು ಮಾಡುತ್ತಿರಲಿಲ್ಲ. ತಾಟು ತಂದೆ. ಬೆಳಗಿನ ರೊಟ್ಟಿ, ಪುಂಡಿಪಲ್ಯ. ರುಚಿ ಗೊತ್ತಾಗಲಿಲ್ಲ. ಅಗಿಯುವ ಸದ್ದನ್ನು ಅತ್ತೆ ಕಿವಿಗೊಟ್ಟು ಕೇಳುತ್ತಿದ್ದರು.

"ಈಗ ಉಂಡಾಳೇನಪಾ?"

ಮತ್ತೆ ಕಾದೆವು. ಹಲ್ಲಿ ಒಂದು ಹುಳದ ಹಿಂದೆ ಬಿದ್ದಿತ್ತು, ನಮ್ಮ ಗೊಡವೆ ಅದಕ್ಕಿರಲಿಲ್ಲ. ಅತ್ತೆಯ ಮುಖ ಪೆಟ್ಟಿಗೆಯ ಕಡೆಗೇ ಇತ್ತು, ಉತ್ತರ ಬರದಿದ್ದರೆ ಮತ್ತೆ ಗೋಡೆಯ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತಿತ್ತು. ಎಡಗೈ ಚಾಚಿ ಬಾಗಿಲಿನ ಕೆಳಪಟ್ಟಿಯನ್ನು ಬೆರಳಿನಿಂದ ತಟ್ಟಿದೆ.

"ಅದು ಹಲ್ಲಿ ಅಲ್ಲ," ಎಂದರು ಅತ್ತೆ. "ನೀನು."

"ಹೂನ್ರಿ. ನಾನ."

ಅತ್ತೆ ನೆಲ ತಟ್ಟಿ, "ಹಂಗಾರ ಖರೆ," ಎಂದು ನನ್ನ ತಾಟಿನಿಂದ ಒಂದು ತುಂಡು ರೊಟ್ಟಿ ಮುರಿದುಕೊಂಡರು.