ಲೋಟದೊಳಗಿನ ಚಕ್ರವರ್ತಿ

ಬೊಚ್ಚುಬಾಯಿಗಳಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಹಲ್ಲಕ್ಕನ ಕಸುಬು. ಪುರಾತನ ರೋಮಿನ ಕಂಚಿನ ನಾಣ್ಯ ಕೂಡಿಸುವುದು ಅವಳ ಹುಚ್ಚು. ಮಣ್ಣು ಮೆತ್ತಿದ ಹಾಗೇ ಅಂಚೆಯಲ್ಲಿ ತರಿಸುವಳು. ಒಳಗೆ ಯಾವ ಚಕ್ರವರ್ತಿಯ ಮುಖವಿದೆಯೆಂದು ಮಾರಿದವನಿಗೂ ಗೊತ್ತಿರುವುದಿಲ್ಲ. ವಾರಗಟ್ಟಲೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಹಲ್ಲಿನ ಮೇಣ ಕೆತ್ತುವ ಸೂಜಿಮೊನೆಯ ಕಡ್ಡಿಯಿಂದಲೇ ಮೆಲ್ಲಗೆ ಕೆರೆಯುವಳು. ಅವಸರ ಮಾಡಿದರೆ ಮಣ್ಣಿನ ಜೊತೆ ಚಕ್ರವರ್ತಿಯ ಮೂಗೂ ಎದ್ದುಬರುತ್ತದೆ. ಬಂದೂ ಇತ್ತು, ಪ್ರತಿಸಲವೂ.

"ಊರಿಗೆಲ್ಲ ಹಲ್ಲು ಕೊಟ್ಟೆ, ಆ ಬಡಪಾಯಿಗಳಿಗೆ ಒಂದು ಮೂಗು ಕೊಡೋಕಾಗ್ಲಿಲ್ವಲ್ಲೇ" ಎಂದು ಗಂಡ ಹಲ್ಲು ಕಿರಿಯುತ್ತಿದ್ದ.

ಅಡುಗೆಮನೆಯ ಕಿಟಕಿಯಲ್ಲಿ ಎರಡು ಲೋಟ. ಒಂದರಲ್ಲಿ ಅತ್ತೆಯ ಹಲ್ಲುಸೆಟ್ಟು, ಸೊಸೆಯದೇ ಕೈಕೆಲಸ, ಇನ್ನೊಂದರಲ್ಲಿ ನಾಣ್ಯ. ಒಂದು ಬೆಳಿಗ್ಗೆ ಅತ್ತೆ ಕನ್ನಡಕವಿಲ್ಲದೆ ಬಂದು, ಕುಡಿಯುವ ನೀರೆಂದು ಎರಡನೆಯದನ್ನು ಎತ್ತಿ ಬಾಯಿ ಮುಕ್ಕಳಿಸಿದರು. ರೋಮ್ ಸಾಮ್ರಾಜ್ಯ ನೇರವಾಗಿ ಒಸಡಿಗೆ ಬಡಿಯಿತು.

"ಥೂ! ಏನೇ ಇದು?"

"ಅಯ್ಯೋ ಅತ್ತೆ, ನುಂಗ್ಬೇಡಿ! ಸಾವಿರದ ಏಳ್ನೂರು ವರ್ಷ ಹಳೇದು!"

"ಎಪ್ಪತ್ತೆಂಟು ವರ್ಷದ ನನ್ ಗತಿ ಕೇಳೋರಿಲ್ಲ! ಭಾನುವಾರದೊಳಗೆ ಇದ್ರಲ್ಲಿ ಒಂದು ಮುಖ ತೋರ್ಸು. ಇಲ್ಲಾಂದ್ರೆ ನಿನ್ ರಾಜರೆಲ್ಲ ಕಸದ ಬುಟ್ಟಿಗೆ."

ಅತ್ತೆಯ ಮಾತು ಕಲ್ಲಿನ ಮೇಲಿನ ಬರಹ. ಗಂಡ ಉಪಕಾರಕ್ಕೆಂದು ವಿನೆಗರ್ ಬಾಟಲಿ ಹಿಡಿದು ಬಂದ. "ಇದ್ರಲ್ಲಿ ಅದ್ದು, ಐದೇ ನಿಮಿಷ."

"ಮಣ್ಣೂ ಹೋಗತ್ತೆ, ಮುಖಾನೂ ಹೋಗತ್ತೆ. ಮುಟ್ಟೀರಿ ಜೋಕೆ!"

ಭಾನುವಾರ ಹಲ್ಲಕ್ಕ ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು ಕೂತಳು. ಮೊದಲು ಕಿರೀಟದ ಮೊನೆಗಳು ಎದ್ದವು. ಆಮೇಲೆ ಹುಬ್ಬು. ಅದರ ಕೆಳಗೆ ಗಟ್ಟಿ ಮಣ್ಣು. ಇಷ್ಟು ವರ್ಷ ಕೈ ಜಾರಿದ್ದು ಇಲ್ಲೇ. ಕಡ್ಡಿಯನ್ನು ಓರೆ ಹಿಡಿದು ಒಂದೊಂದೇ ಕಣ ಸಡಿಲಿಸಿದಳು. ಚಕ್ಕೆಯೊಂದು ಟಪ್ಪೆಂದು ಹಾರಿತು. ಕೆಳಗೆ ಕೊಕ್ಕಿನಂತೆ ಬಾಗಿದ ಮೂಗು, ಒಂದು ಗೀರಿಲ್ಲದೆ!

"ಸಿಕ್ಕಿದ! ಮೂಗು ಸಮೇತ ಸಿಕ್ಕಿದ!"

ತೀರ್ಪು ಕೊಡಲು ಅತ್ತೆ ಕನ್ನಡಕ ಏರಿಸಿ ಬಂದರು. ಬಗ್ಗಿ ನೋಡಿದವರು ಏಳಲೇ ಇಲ್ಲ.

"ನಿಮ್ಮಾವನ ಮೂಗು ಕಣೇ" ಎಂದರು ಕೊನೆಗೆ. "ಅದೇ ಗಿಣಿಮೂಗು, ಅದೇ ಸಿಡುಕು."

"ಅಂದ್ರೆ ನಾನು ರಾಜವಂಶದವನಾ?" ಗಂಡ ತನ್ನ ಮೂಗು ಸವರಿಕೊಂಡ.

"ನಿಂದು ನನ್ ತವರಿನ ಮೊಂಡುಮೂಗು. ಸುಮ್ನಿರು."

ಅತ್ತೆ ಹಲ್ಲಿನ ಲೋಟವನ್ನು ಕಿಟಕಿಯ ಮೂಲೆಗೆ ಸರಿಸಿ, ಉಳಿದ ಜಾಗವನ್ನು ಸೆರಗಿನಿಂದ ಒರೆಸಿದರು.

"ಇನ್ನೂ ನಾಲ್ಕು ಲೋಟ ಇಡು. ನಮ್ಮೋರು ಯಾರ್ಯಾರು ಮಣ್ಣಲ್ಲಿ ಸಿಕ್ಕೊಂಡಿದಾರೋ, ಎಲ್ಲಾರ್ನೂ ಎಬ್ಬಿಸು."