ಎಡಗಡೆ ಸೀಟಿನ ಬರ್ಫ

ಒದ್ದೆ ಗೋಣಿಚೀಲದ ವಾಸನೆ ಮೊನ್ನೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂಗಿಗೆ ಬಡಿಯಿತು. ವಿದ್ಯಾರ್ಥಿನಿಯರು ತಾವು ಕಟ್ಟುತ್ತಿರುವ ಪುಟ್ಟ ಉಪಗ್ರಹದ ಬಿಸಿ-ತಂಪಿನ ಪರೀಕ್ಷೆಗೆಂದು ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದರು. ನನಗೆ ಬರ್ಫದ ಕಾಕಾ ನೆನಪಾದರು...

ಆಗ ನಾನು ಭೌತಶಾಸ್ತ್ರ ಕಲಿಸಲು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನಾ ಹೋಗುತ್ತಿದ್ದೆ. ಮಂಜುಗಡ್ಡೆ ಮಾರುವ ಕಾಕಾರದು ಬೆಳಗಿನ ಬಸ್ಸಿನಲ್ಲಿ ಎಡಗಡೆಯ ನೆರಳಿನ ಸೀಟು. ಕಾಲ ಬಳಿ ಕಟ್ಟಿಗೆ ಹೊಟ್ಟು ತುಂಬಿದ ಗೋಣಿ, ಅದರೊಳಗೆ ಬರ್ಫ. ಹೊರಡುವ ಮುಂಚೆ ಗೋಣಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಇವತ್ತ ಮುಕ್ಕಾಲು ಉಳೀತದ" ಎನ್ನುವರು. ಅಷ್ಟೇ ಉಳಿಯುತ್ತಿತ್ತು. ನಾನು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿ ದಿನಾ ಸೋಲುತ್ತಿದ್ದೆ. ನನ್ನ ಎಂ.ಎಸ್ಸಿ. ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರ ತಂಗಿಯ ಮಗಳ ಮದುವೆ ಬಸವಕಲ್ಯಾಣದಲ್ಲಿತ್ತು. ನನ್ನನ್ನೂ ಕರೆದಿದ್ದರು. ಬೀಗರಿಗೆ ತಂಪು ಶರಬತ್ತು ಕುಡಿಸುತ್ತೇನೆಂದು ಕಾಕಾ ಊರೆಲ್ಲ ಸಾರಿದ್ದರು. ಅಂದೇ ಬೆಳಗಿನ ಬಸ್ಸು ಕೆಟ್ಟಿತು. ಮಧ್ಯಾಹ್ನದ ಬಸ್ಸು ಹತ್ತಿದ ಕಾಕಾ ರೂಢಿಯಂತೆ ಎಡಗಡೆಯೇ ಕೂತು, ಗೋಣಿ ಮುಟ್ಟಿ, "ಮುಕ್ಕಾಲು" ಎಂದರು.

ಸೂರ್ಯನೂ ಆ ಹೊತ್ತಿಗೆ ಎಡಗಡೆಗೆ ಬಂದಿದ್ದ. ನಾನು ಬಲಗಡೆ ನೆರಳಲ್ಲಿ ಕೂತು ನೋಡುತ್ತಿದ್ದೆ, ಹೇಳಲಿಲ್ಲ. ದಿನಾ ಗೆಲ್ಲುವವರಿಗೆ ಏನೆಂದು ಹೇಳುವುದು? ನೀರು ಹರಿದು ಮುಂದಿನ ಸೀಟಿನ ಅಜ್ಜಿಯ ಚಪ್ಪಲಿ ತೊಯ್ದವು. "ಬಸ್ಸಿನಾಗ ಬೋರ್ ಹೊಡೆಸೀರೇನ್ರೀ?" ಎಂದು ಅಜ್ಜಿ ಕಂಡಕ್ಟರನ ಮೇಲೆ ಹರಿಹಾಯ್ದಳು.

ಇಳಿದಾಗ ಉಳಿದದ್ದು ತೆಂಗಿನಕಾಯಿಯಷ್ಟು. ಶರಬತ್ತಿನ ಹಂಡೆಗೆ ಬಿಟ್ಟರೆ ಕಣ್ಣೆದುರೇ ಮಾಯ. ಬೀಗರು ಬೆಚ್ಚನೆಯ ಶರಬತ್ತು ಕುಡಿದು ಮುಖ ಮುಖ ನೋಡಿಕೊಂಡರು. ಹಂಡೆಯ ಹಿಂದೆ ಅಡಗಿ ಕೂತಿದ್ದ ಕಾಕಾ ನನ್ನನ್ನು ಕಂಡು ನಕ್ಕುಬಿಟ್ಟರು.

"ನನ್ನ ಕೈಗಿ ಮುಂಜಾನಿ ಸೂರ್ಯನ ಗುರ್ತ ಅದರಿ ಮೇಡಂ, ಮಧ್ಯಾಹ್ನದವನ ಗುರ್ತ ಇಲ್ಲ. ಆದ್ರ ನೀವು ನೋಡಿನೂ ಯಾಕ ಸುಮ್ಮ ಕುಂತ್ರಿ?"

ನಾನು ಆ ಬೆಚ್ಚನೆಯ ಶರಬತ್ತನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ...

ಮೊನ್ನೆಯ ಪ್ರಯೋಗಶಾಲೆಗೆ ಬರುತ್ತೇನೆ. ಉಪಗ್ರಹದ ಯಾವ ಭಾಗ ಬಿಸಿಲಿಗೆ ಎಷ್ಟು ಕಾಯುತ್ತದೆಂಬ ಲೆಕ್ಕ ಕಂಪ್ಯೂಟರಿಗೂ ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೇ ನಮ್ಮ ಹುಡುಗಿಯರು ಹಳೆಯ ಲೆಕ್ಕಗಳನ್ನೆಲ್ಲ ಮಷೀನ್ ಲರ್ನಿಂಗ್ ಮಾದರಿಯೊಂದಕ್ಕೆ ಕಲಿಸಿದ್ದರು. ಅದು ಕ್ಷಣದಲ್ಲಿ ಉತ್ತರ ಹೇಳುತ್ತದೆ. ಬ್ಯಾಟರಿ ತಣ್ಣಗಿರುತ್ತದೆ ಎಂದು ಅದು ಹೇಳಿತ್ತು. ಮೊನ್ನೆ ಸೂರ್ಯನ ಬದಲು ಎಡಗಡೆ ದೊಡ್ಡ ದೀಪ ಹಚ್ಚಿ ನೋಡಿದರೆ ಬ್ಯಾಟರಿ ಕೆಂಡವಾಗಿತ್ತು. ಹಾಗೇ ಮೇಲೆ ಕಳಿಸಿದ್ದರೆ ಅವರ ಮೂರು ವರ್ಷದ ಕೆಲಸ ಹಾಳಾಗುತ್ತಿತ್ತು. ಹುಡುಗಿಯರು ಅಳುವುದೊಂದೇ ಬಾಕಿ.

"ನೀವು ಕಲಿಸಿದ ಲೆಕ್ಕದಾಗ ಸೂರ್ಯ ಯಾವ ಕಡಿ ಇದ್ದ?" ಎಂದು ಕೇಳಿದೆ.

ತೆಗೆದು ನೋಡಿದರು. ಎಲ್ಲದರಲ್ಲೂ ಬಲಗಡೆಯೇ! ಎಡಗಡೆಯ ಸೂರ್ಯನನ್ನೂ ಕಲಿಸಿ ಕೇಳಿದಾಗ ಮಾದರಿ ಸರಿಯಾದ ಉತ್ತರ ಕೊಟ್ಟಿತು. ಬ್ಯಾಟರಿಯನ್ನು ಬೇರೆ ಕಡೆಗೆ ಸರಿಸಿದೆವು.

ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತು. ನಿನ್ನೆ ಹುಮನಾಬಾದಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದೆ. ಬಲಗಡೆಯ ನೆರಳಿನಲ್ಲೇ ಕೂತೆ. ಈ ಸಲ ನಾನು ಸುಮ್ಮನೆ ಕೂರಲಿಲ್ಲ ಕಾಕಾ ಎಂದು ಹೇಳಬೇಕೆನಿಸಿ ಆ ಕಡೆ ತಿರುಗಿದೆ. ಎಡಗಡೆಯ ಸೀಟಿನಲ್ಲಿ ಬರೀ ಬಿಸಿಲಿತ್ತು.